ಮೂರು ಮಾರಿನ ದೋಣಿ

ಹಂಪಿಯ ಬಳಿ ತುಂಗಭದ್ರೆಯ ತಳವಾರಘಟ್ಟದಲ್ಲಿ ಆನೆಗೊಂದಿಗೆ ದಾಟಲು ನಾನು ಮೊದಲ ಸಲ ಹರಿಗೋಲು ಹತ್ತಿದಾಗ ಅಂಬಿಗ ಹೇಳಿದ ಮಾತು ಒಂದೇ: "ನಿಂದ್ರಬ್ಯಾಡ್ರಿ, ಕುಂದರ್ರಿ." ಕುಳಿತೆ. ಕುಳಿತ ಮೇಲೆ ಅಂಗೈಯನ್ನು ತಳಕ್ಕೆ ಒತ್ತಿದೆ. ಬಿದಿರಿನ ಹೆಣಿಗೆ, ಅದರ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಳಿದ ಡಾಂಬರು. ಅಷ್ಟರಾಚೆಗೆ ನದಿ. ನೀರು ಸುಳಿದು ಹೋಗುವುದು ಕೈಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಬಂಡೆಯ ಮೇಲಿನ ತೆಳುನೀರಿಗೆ ಬಂದಾಗ ತಳ ಒಳಕ್ಕೆ ಉಬ್ಬಿ, ಬಂಡೆ ದಾಟಿದ ಮೇಲೆ ಮತ್ತೆ ತನ್ನ ಆಕಾರಕ್ಕೆ ಮರಳಿತು. ನನಗೆ ಹೆದರಿಕೆಯಾಯಿತು. ಮರದ ದೋಣಿ ಹಾಗೆ ಬಾಗಿದರೆ ಒಡೆದೇ ಹೋಗಬೇಕಲ್ಲ!

ಆ ಹೆದರಿಕೆ ಹುಟ್ಟಿಸಿದ ಬಾಗುವಿಕೆಯೇ ಅದರ ಬಲ ಎಂದು ತಿಳಿಯಲು ಹಲವು ವರ್ಷ ಹಿಡಿಯಿತು. ಪುಸ್ತಕ ಓದಿ ಅರ್ಧ ತಿಳಿಯಿತು. ಉಳಿದರ್ಧ ತಿಳಿಯಲು ಅಂಥದ್ದೊಂದು ದೋಣಿಯನ್ನು ಮನೆಯಂಗಳದಲ್ಲಿ ಕೈಯಾರೆ ಕಟ್ಟಬೇಕಾಯಿತು.

ದೋಣಿ ಕಟ್ಟುವ ದಾರಿಗಳು ಹಲವಿವೆ. ಒಂದು ದಪ್ಪ ಮರವನ್ನು ಕೊರೆದು ಟೊಳ್ಳು ಮಾಡಬಹುದು. ಹಲಗೆಗೆ ಹಲಗೆ ಹೊಲಿದೋ ಮೊಳೆ ಹೊಡೆದೋ ಜೋಡಿಸಬಹುದು. ಈ ಎರಡರಲ್ಲೂ ನೀರನ್ನು ತಡೆಯುವ ಗೋಡೆಯೇ ಭಾರವನ್ನೂ ಹೊರುತ್ತದೆ. ಇನ್ನೊಂದು ದಾರಿಯಲ್ಲಿ ಈ ಎರಡು ಕೆಲಸಗಳನ್ನು ಬೇರೆ ಬೇರೆ ವಸ್ತುಗಳಿಗೆ ಒಪ್ಪಿಸುತ್ತಾರೆ. ಮೊದಲು ಕಡ್ಡಿಗಳ ಹಂದರ, ಆಮೇಲೆ ಅದರ ಮೇಲೆ ಬಿಗಿಯಾಗಿ ಎಳೆದು ಹೊದಿಸಿದ ತೊಗಲು. ಕಡ್ಡಿ ಆಕಾರ ಕೊಡುತ್ತದೆ, ತೊಗಲು ನೀರು ತಡೆಯುತ್ತದೆ. ನಮ್ಮ ದೇಹವೂ ಹೀಗೇ ಇದೆ. ಇಂಥವನ್ನು ತೊಗಲುದೋಣಿ ಎಂದು ಕರೆಯೋಣ. ಇಂದು ತೊಗಲಿನ ಜಾಗದಲ್ಲಿ ಕ್ಯಾನ್ವಾಸೋ ನೈಲಾನೋ ಪ್ಲಾಸ್ಟಿಕ್ಕೋ ಇದ್ದರೂ ಹೆಸರಿಗೆ ಬಾಧೆಯಿಲ್ಲ, ವಿಧಾನ ಒಂದೇ.

ಇದು ಬಹಳ ಹಳೆಯ ವಿದ್ಯೆ. ಬ್ಯಾಬಿಲೋನಿಗೆ ಸರಕು ತರುತ್ತಿದ್ದ ಗುಂಡನೆಯ ತೊಗಲುದೋಣಿಗಳನ್ನು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ವರ್ಣಿಸಿದ್ದಾನೆ. ಪ್ರತಿ ದೋಣಿಯಲ್ಲೂ ಒಂದು ಕತ್ತೆ ಇರುತ್ತಿತ್ತಂತೆ. ಹೊಳೆಯ ಸೆಳೆತಕ್ಕೆ ಎದುರಾಗಿ ದೋಣಿ ಹಿಂದಿರುಗಲಾರದು. ಆದ್ದರಿಂದ ವ್ಯಾಪಾರಿ ಸರಕಿನ ಜೊತೆ ಹಂದರವನ್ನೂ ಮಾರಿ, ತೊಗಲನ್ನು ಮಡಚಿ ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರು ಸೇರುತ್ತಿದ್ದ. ಬ್ಯಾಬಿಲೋನ್ ಇದ್ದ ಇಂದಿನ ಇರಾಕಿನ ನದಿಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಓಡಾಡಿದ ಗುಂಡು ದೋಣಿ 'ಕುಫ್ಫ'ಕ್ಕೆ ಬಳಿಯುತ್ತಿದ್ದದ್ದು ನೆಲದಿಂದ ಒಸರುವ ಡಾಂಬರು. ಹಂಪಿಯ ಅಂಬಿಗ ಇಂದು ಬಳಿಯುವುದೂ ಡಾಂಬರನ್ನೇ.

ನಮ್ಮ ಹರಿಗೋಲಿನ ಬಗ್ಗೆ ಒಳ್ಳೆಯ ಸಾಕ್ಷ್ಯವಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿನ ಜನ ಬುಟ್ಟಿಯಂಥ ಗುಂಡು ದೋಣಿಗಳಲ್ಲಿ ಹೊಳೆ ದಾಟುತ್ತಾರೆ, ಅವುಗಳ ಒಳಗೆ ಬೆತ್ತದಂಥ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ ಎಂದು ಬರೆದಿಟ್ಟ. ಅವು ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುತ್ತವೆ ಎಂಬುದನ್ನೂ ಗಮನಿಸಿದ್ದ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ, ಮಳೆಗಾಲದಲ್ಲಿ ತುಂಬಿ ಹರಿಯುವ ನಮ್ಮ ನದಿಗಳನ್ನು ಸೈನ್ಯ ದಾಟಲೆಂದು ಕಟ್ಟಿಸಿದ್ದೂ ಈ ಬುಟ್ಟಿದೋಣಿಗಳನ್ನೇ.

ಪಾಯೆಸ್ ಹೇಳಿದ ಹದಿನೈದು ಜನರ ಲೆಕ್ಕ ಸರಿಯೇ ಎಂದು ಒಂದು ಕಾಗದದ ಮೇಲೆ ನೋಡಬಹುದು. ಎರಡು ಮೀಟರ್ ಅಗಲದ ಹರಿಗೋಲನ್ನು ನೇರ ಅಂಚಿನ ದೊಡ್ಡ ತಟ್ಟೆ ಎಂದು ಭಾವಿಸಿ. ಅದರ ವಿಸ್ತೀರ್ಣ 3.14 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಮುಳುಗಿದರೆ ಪಕ್ಕಕ್ಕೆ ಸರಿಯುವ ನೀರು 31 ಲೀಟರ್, ಅಂದರೆ 31 ಕಿಲೋ. ಆರ್ಕಿಮಿಡೀಸನ ನಿಯಮದಂತೆ ಅಷ್ಟೇ ಭಾರವನ್ನು ಅದು ಹೊರಬಲ್ಲದು. ಅರವತ್ತು ಕಿಲೋ ತೂಗುವ ಹದಿನೈದು ಜನ ಕುಳಿತರೆ ಒಟ್ಟು 900 ಕಿಲೋ. ದೋಣಿ ಇಳಿಯುವುದು 29 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ನಿಜವಾದ ಹರಿಗೋಲಿನ ಅಂಚು ಬಾಗಿರುವುದರಿಂದ ಇನ್ನಷ್ಟು ಇಳಿದೀತು. ಮೊಣಕಾಲುದ್ದ ಆಳದ ಬುಟ್ಟಿಗೆ ಅದು ಹೆಚ್ಚೇ, ಎರಡೂವರೆ ಮೀಟರಿನದಾದರೆ ಸಲೀಸು. ಪಾಯೆಸ್ ಉತ್ಪ್ರೇಕ್ಷೆ ಮಾಡಿಲ್ಲ.

ಗುಂಡಗಿರುವುದಕ್ಕೂ ಕಾರಣವಿದೆ. ತುಂಗಭದ್ರೆ ಆ ಜಾಗದಲ್ಲಿ ಬಂಡೆಗಳ ನಡುವೆ ನುಸುಳುತ್ತದೆ. ಉದ್ದ ದೋಣಿ ಬಂಡೆಗೆ ಅಡ್ಡ ಸಿಕ್ಕಿಕೊಂಡರೆ ಸೆಳವು ಅದನ್ನು ಮುರಿದುಹಾಕುತ್ತದೆ. ಗುಂಡು ದೋಣಿಗೆ ಉದ್ದ–ಅಡ್ಡ ಎಂಬುದೇ ಇಲ್ಲ. ಬಂಡೆಗೆ ತಾಗಿ, ಒಂದು ಸುತ್ತು ಸುತ್ತಿ, ಜಾರಿ ಮುಂದಕ್ಕೆ ಹೋಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ವೇಗ. ಯಾವ ದಿಕ್ಕಿಗೂ ಒಂದೇ ಅಡ್ಡಿ ಇರುವುದರಿಂದ ಅದಕ್ಕೆ ತನ್ನದೇ ದಿಕ್ಕಿಲ್ಲ. ಅಂಬಿಗ ಮುಂದೆ ಕುಳಿತು ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನತ್ತ ಸೆಳೆದುಕೊಂಡು ಅದನ್ನು ನೆಟ್ಟಗೆ ಎಳೆಯುತ್ತಾನೆ.

ವೇಗ ಬೇಕಾದವರು ತೊಗಲುದೋಣಿಯನ್ನು ಇನ್ನೊಂದು ತುದಿಗೆ ಒಯ್ದರು. ಅವರು ಉತ್ತರಧ್ರುವದ ಸುತ್ತಲಿನ ಜನ.

ಗ್ರೀನ್‌ಲ್ಯಾಂಡಿನ ಕಡಲಂಚಿನಲ್ಲಿ ದೋಣಿಗೆ ಒದಗುವಂಥ ಮರ ಬೆಳೆಯುವುದಿಲ್ಲ. ಅಲ್ಲಿಗೆ ಮರ ಬರುವುದು ಸಮುದ್ರದ ಮೂಲಕ. ಸೈಬೀರಿಯದ ನದಿಗಳಲ್ಲಿ ಕೊಚ್ಚಿಹೋದ ದಿಮ್ಮಿಗಳು ಹಿಮದ ಜೊತೆ ತೇಲಿ ವರ್ಷಗಳ ನಂತರ ದಡ ಸೇರುತ್ತವೆ. ಇನ್ಯುಯಿಟ್ ಜನ ಆ ಬಿಳಿಚಿದ ಕಟ್ಟಿಗೆಯನ್ನು ಸೀಳಿ ಸಣ್ಣ ಸಣ್ಣ ಪಟ್ಟಿ ಮಾಡಿ, ಪ್ರಾಣಿಗಳ ಸ್ನಾಯುವಿನ ಹುರಿಯಿಂದ ಬಿಗಿದು, ಸೀಲ್ ತೊಗಲು ಹೊದಿಸಿ ಕಯಾಕ್ ಕಟ್ಟಿದರು. ಮರದ ಬಡತನದಲ್ಲಿ ಹುಟ್ಟಿದ ದೋಣಿ ಇದು. ಪಶ್ಚಿಮ ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ನೆಲದಲ್ಲಿ ಸಕ್ಕಾಕ್ ಸಂಸ್ಕೃತಿಯ ಜನ ಬಿಟ್ಟುಹೋದ ಕಯಾಕಿನ ಮರದ ತುಂಡುಗಳು ಸಿಕ್ಕಿವೆ, ಸುಮಾರು 4,000 ವರ್ಷ ಹಳೆಯವು.

ಈ ಕಯಾಕಿನ ಅಳತೆಯ ಕ್ರಮ ಓದಿದಾಗ ನನಗಾದ ಸಂತೋಷ ಹೇಳತೀರದು. ಗ್ರೀನ್‌ಲ್ಯಾಂಡಿನಲ್ಲಿ ರೂಢಿಯಲ್ಲಿದ್ದ ಒಂದು ಲೆಕ್ಕ ಹೀಗಿದೆ: ಉದ್ದ ಮೂರು ಮಾರು. ಅಗಲ ಸೊಂಟದಗಲ, ಅದರ ಎರಡೂ ಬದಿಗೆ ಒಂದೊಂದು ಮುಷ್ಟಿ. ಕೂರುವ ಜಾಗದ ಹಿಂದಿನ ಆಳ ಒಂದು ಮುಷ್ಟಿ ಮತ್ತು ಅದರ ಮೇಲೆ ನೆಟ್ಟಗೆ ಚಾಚಿದ ಹೆಬ್ಬೆರಳು. ಎರಡು ಕೈ ಚಾಚಿದ ಉದ್ದಕ್ಕೆ 'ಮಾರು' ಎನ್ನುವ ನಮಗೆ ಇದನ್ನು ಅನುವಾದಿಸುವ ಅಗತ್ಯವೇ ಇಲ್ಲ. ಬಾವಿಯ ಹಗ್ಗವನ್ನು ಮಾರಿನಲ್ಲಿ, ಹೂವನ್ನು ಮೊಳದಲ್ಲಿ ಅಳೆದ ಜನ ನಾವು. ಅಂಗಿಯನ್ನು ಮೈಗೆ ಅಳೆದು ಹೊಲಿಸುವ ಹಾಗೆ ಅಲ್ಲಿ ಪ್ರತಿಯೊಬ್ಬ ಬೇಟೆಗಾರನ ದೋಣಿ ಅವನೊಬ್ಬನ ಮೈಗೆ ಒಪ್ಪುವಂತೆ ಹುಟ್ಟುತ್ತಿತ್ತು. ದೋಣಿ ಮಗುಚಿದರೆ ಸೊಂಟ ಮತ್ತು ತೊಡೆಗಳ ಒಂದು ಝಾಡಿಗೆ ಅದು ಮತ್ತೆ ಮೇಲೆದ್ದು ನಿಲ್ಲಬೇಕು. ಆ ತಣ್ಣೀರಿನಲ್ಲಿ ಈಜಿ ಬದುಕುವ ಮಾತೇ ಇಲ್ಲ. ದೊಗಳೆ ದೋಣಿ ಅಲ್ಲಿ ಸಾವಿಗೆ ಸಮ.

ಮೂರು ಮಾರು ಯಾಕೆ, ಎರಡು ಯಾಕಲ್ಲ? ಇಲ್ಲಿ ಅಲೆಯ ಲೆಕ್ಕ ಬರುತ್ತದೆ. ದೋಣಿ ಸಾಗುವಾಗ ತನ್ನ ಮೂತಿಯಲ್ಲಿ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ದೋಣಿ ತಾನೇ ತೋಡಿದ ಹಳ್ಳದಲ್ಲಿ ಕುಳಿತಂತಾಗುತ್ತದೆ. ಅಲ್ಲಿಂದ ಮುಂದಕ್ಕೆ ಪ್ರತಿ ಹುಟ್ಟೂ ದಿನ್ನೆ ಹತ್ತುವ ಕೆಲಸ. ಆ ಮಿತಿಯ ವೇಗ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ತಿಳಿಯಲು ನೀರಿಗೆ ತಾಗಿದ ಉದ್ದದ (ಮೀಟರಿನಲ್ಲಿ) ವರ್ಗಮೂಲವನ್ನು 4.5ರಿಂದ ಗುಣಿಸಿದರೆ ಸಾಕು. ಎರಡು ಮೀಟರಿನ ಹರಿಗೋಲಿಗೆ ಅದು 6.4, ಐದು ಮೀಟರಿನ ಕಯಾಕಿಗೆ 10. ಹರಿಗೋಲಿನ ಗುಂಡು ಮೈ ಅದನ್ನು ಆ ಮಿತಿಯ ಹತ್ತಿರಕ್ಕೂ ಬಿಡುವುದಿಲ್ಲ. ಕಯಾಕ್ ಸೂಜಿಯಂತೆ ನುಗ್ಗಬಲ್ಲದು. ಇನ್ನೂ ಉದ್ದ ಮಾಡಿದರೆ ಇನ್ನೂ ವೇಗ ಎನ್ನುವ ಹಾಗಿಲ್ಲ. ನೀರಿಗೆ ತಾಗುವ ಮೈ ಹೆಚ್ಚಿದಷ್ಟೂ ಉಜ್ಜಾಟ ಹೆಚ್ಚುತ್ತದೆ, ಅದನ್ನು ನೀಗುವುದು ಒಬ್ಬ ಮನುಷ್ಯನ ತೋಳು ತಾನೆ. ಒಬ್ಬನ ತೋಳಿಗೂ ಅಲೆಗೂ ನಡುವೆ ಮೂರು ಮಾರು ಒಳ್ಳೆಯ ರಾಜಿ. ಸೂತ್ರ ಬರೆಯದೆ, ತಲೆಮಾರುಗಳು ಕಡಲಲ್ಲೇ ಪ್ರಯೋಗ ಮಾಡಿ ತಲುಪಿದ ರಾಜಿ ಅದು.

ಈಗ ಬಾಗುವಿಕೆಗೆ ಬರೋಣ. ನನ್ನ ದೃಷ್ಟಿಯಲ್ಲಿ ತೊಗಲುದೋಣಿಯ ತಿರುಳು ಇರುವುದು ಇಲ್ಲಿಯೇ.

ಕಟ್ಟಡ ಕೆಲಸದಲ್ಲಿ ಕೆಳಗಿನವರು ಇಟ್ಟಿಗೆ ಎಸೆಯುತ್ತಾರೆ, ಮೇಲಿನ ಹಲಗೆಯ ಮೇಲೆ ನಿಂತವರು ಹಿಡಿಯುತ್ತಾರೆ. ಹಿಡಿಯುವವರ ಕೈ ಗಮನಿಸಿ. ಇಟ್ಟಿಗೆಯ ಜೊತೆಗೇ ಒಂದಿಷ್ಟು ದೂರ ಸಾಗಿ ಆಮೇಲೆ ನಿಲ್ಲುತ್ತದೆ. ಕೈ ಗಟ್ಟಿಯಾಗಿ ಚಾಚಿಟ್ಟರೆ ಬೆರಳು ಮುರಿಯುತ್ತದೆ. ದೋಣಿ ಬಂಡೆಗೆ ಬಡಿಯುವುದೂ ಹೀಗೆಯೇ. ಸವಾರನೂ ಸೇರಿ 85 ಕಿಲೋ ತೂಗುವ ಕಯಾಕ್ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬಂದರೆ ಅದರಲ್ಲಿರುವ ಚಲನಶಕ್ತಿ 170 ಜೂಲ್. ಈ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ದೋಣಿಯ ಮೈ ಬರೀ ಒಂದು ಸೆಂಟಿಮೀಟರ್ ಬಗ್ಗಿ ನಿಂತರೆ ಸರಾಸರಿ ಬಲ 17,000 ನ್ಯೂಟನ್, ಸುಮಾರು 1,700 ಕಿಲೋ ಭಾರ ಹೇರಿದಂತೆ. ಹತ್ತು ಸೆಂಟಿಮೀಟರ್ ಬಗ್ಗಿದರೆ ಅದರ ಹತ್ತನೆಯ ಒಂದು ಭಾಗ. ಅದೇ ಬಂಡೆ, ಅದೇ ವೇಗ, ಬಾಗಿದ್ದಕ್ಕೆ ಹತ್ತು ಪಟ್ಟು ಉಳಿತಾಯ. ಹಂಪಿಯ ಹರಿಗೋಲಿನ ತಳ ನನ್ನ ಕೈಯ ಕೆಳಗೆ ಉಬ್ಬಿ ಇಳಿದು ತೋರಿಸಿದ್ದು ಈ ಲೆಕ್ಕವನ್ನೇ.

ಆದರೆ ಕಡ್ಡಿ ಬಾಗಿದರೆ ಸಾಲದು, ಕೀಲುಗಳೂ ಸ್ವಲ್ಪ ಮಿಸುಕಬೇಕು. ಮೊಳೆ ಅದಕ್ಕೆ ಬಿಡುವುದಿಲ್ಲ. ಮೊಳೆ ಹೊಡೆಯಲು ತೂತು ಬೇಕು. ಎಳೆತಕ್ಕೆ ಸಿಕ್ಕ ತಗಡಿನಲ್ಲಿ ಒಂದು ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಬಿಗುವು ಉಳಿದ ಕಡೆಗಿಂತ ಮೂರು ಪಟ್ಟಾಗುತ್ತದೆ ಎಂದು ಇಂಜಿನಿಯರುಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೇ ಲೆಕ್ಕ ಹಾಕಿದ್ದರು. ಬೆರಳು ದಪ್ಪದ ಮರದ ಪಟ್ಟಿ ಅಲ್ಲಿಂದಲೇ ಸೀಳುತ್ತದೆ. ಉಪ್ಪುನೀರಿನಲ್ಲಿ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಹುರಿಯ ಕಟ್ಟಿಗೆ ಈ ಎರಡೂ ದೋಷವಿಲ್ಲ. ಹತ್ತು ಸುತ್ತು ಬಿಗಿದ ಹುರಿ ಭಾರವನ್ನು ಹತ್ತು ಎಳೆಗೆ ಹಂಚುತ್ತದೆ, ಅಲೆ ಎತ್ತಿದಾಗ ಕೂದಲೆಳೆಯಷ್ಟು ಜಗ್ಗಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ನಮ್ಮೂರಿನಲ್ಲಿ ಚಪ್ಪರ ಕಟ್ಟುವವರು, ಕಟ್ಟಡಕ್ಕೆ ಸರ್ವೆ ಕಂಬ ಕಟ್ಟುವವರು ಇಂದಿಗೂ ನಂಬಿರುವುದು ಹಗ್ಗದ ಗಂಟನ್ನೇ.

ಕಟ್ಟಿದ ಹಂದರ, ಹೊಲಿದ ತೊಗಲು ಎಷ್ಟು ದೂರ ತಾಳೀತು? ಈ ಪ್ರಶ್ನೆಗೆ ಟಿಮ್ ಸೆವೆರಿನ್ ಎಂಬ ಐರ್ಲೆಂಡ್ ನಿವಾಸಿ ಲೇಖಕ ಸಾಗರದಲ್ಲೇ ಉತ್ತರ ಹುಡುಕಿದ. ಓಕ್ ಮರದ ಚೆಕ್ಕೆಯಲ್ಲಿ ಹದಮಾಡಿದ 49 ಎತ್ತಿನ ತೊಗಲುಗಳನ್ನು ಸೇರಿಸಿ ಹೊಲಿದು, ಉಣ್ಣೆಯ ಜಿಡ್ಡು ಸವರಿ, ತೊಗಲಿನ ದಾರದಿಂದಲೇ ಬಿಗಿದ ಆ್ಯಶ್ ಮರದ ಹಂದರಕ್ಕೆ ಹೊದಿಸಿ 36 ಅಡಿಯ ದೋಣಿ ಕಟ್ಟಿಸಿದ. ಆರನೆಯ ಶತಮಾನದ ಸಂತ ಬ್ರೆಂಡನ್ ಇಂಥ ದೋಣಿಯಲ್ಲಿ ಅಟ್ಲಾಂಟಿಕ್ ದಾಟಿದ ಎಂಬ ಕಥೆ ಸಾಧ್ಯವೇ ಎಂದು ನೋಡುವುದು ಅವನ ಉದ್ದೇಶ. 1976ರ ಮೇ ತಿಂಗಳಲ್ಲಿ ಐರ್ಲೆಂಡ್ ಬಿಟ್ಟ ದೋಣಿ, ಚಳಿಗಾಲ ಐಸ್‌ಲ್ಯಾಂಡಿನಲ್ಲಿ ಕಳೆದು, 1977ರ ಜೂನ್‌ನಲ್ಲಿ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿತು. ದಾರಿಯಲ್ಲಿ ಮಂಜುಗಡ್ಡೆಗಳ ನಡುವೆ ಸಿಕ್ಕಿ ತೊಗಲು ಹರಿಯಿತು. ಜೊತೆಗಾರರು ದೋಣಿಯಂಚಿನಿಂದ ಬಾಗಿ, ಕೊರೆಯುವ ನೀರಿನಲ್ಲಿ ಕೈ ಅದ್ದಿ, ಹೊರಗಿನಿಂದ ತೊಗಲಿನ ತೇಪೆ ಹಾಕಿ ಹೊಲಿದರು. ಅದೇ ಪೆಟ್ಟಿಗೆ ಫೈಬರ್ ದೋಣಿ ಒಡೆದಿದ್ದರೆ ನಡುಗಡಲಲ್ಲಿ ಹೊಲಿಯುವುದು ಎಲ್ಲಿಂದ ಬಂತು?

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ನಾನೂ ಒಂದು ಕಟ್ಟಲು ಹೊರಟೆ. ಅಡಿಕೆ ಒಣಹಾಕುವ ಅಂಗಳ ಆ ಹೊತ್ತಿಗೆ ಖಾಲಿ. ನನ್ನ ಮಾರು 170 ಸೆಂಟಿಮೀಟರ್, ಮೂರು ಮಾರಿಗೆ 5.1 ಮೀಟರ್. ಅಗಲ 56 ಸೆಂಟಿಮೀಟರ್. ಮಲೆನಾಡಿನವರಿಗೆ ಮೊದಲು ಕೈಗೆ ಬರುವುದು ಅಡಿಕೆ ದಬ್ಬೆ. ಅದರಲ್ಲಿ ಪಟ್ಟಿ ಸೀಳಿ ನೋಡಿದೆ, ಭಾರ ಹೆಚ್ಚಾಯಿತು. ಕೊನೆಗೆ ಮೇದರ ಕೇರಿಯ ಹಿರಿಯರೊಬ್ಬರ ಬಳಿ ಬಿದಿರು ತಂದೆ. "ಸ್ವಾಮೀ, ಗರಗಸ ಮುಟ್ಟಬೇಡಿ, ಸೀಳಿ" ಅಂದರು ಅವರು. ಅದು ಬಹು ದೊಡ್ಡ ಪಾಠ. ಗರಗಸ ತನ್ನ ನೇರಕ್ಕೆ ಹೋಗುತ್ತದೆ, ನಾರು ತನ್ನ ನೇರಕ್ಕೆ. ಗರಗಸ ನಾರನ್ನು ಓರೆಯಾಗಿ ಕತ್ತರಿಸಿದ ಕಡೆ ಪಟ್ಟಿ ಬಾಗಿಸಿದಾಗ ಸಿಗುರೆದ್ದು ಮುರಿಯುತ್ತದೆ. ಮಚ್ಚಿನಿಂದ ಸೀಳಿದರೆ ಬಿರುಕು ನಾರಿನ ದಾರಿಯಲ್ಲೇ ಓಡುತ್ತದೆ. ಕಡೆತನಕ ಒಂದು ನಾರೂ ತುಂಡಾಗುವುದಿಲ್ಲ. ಬಿದಿರನ್ನು ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟು ತೆಗೆಯಿರಿ ಎಂದೂ ಅವರು ಹೇಳಿದರು. ಅದರೊಳಗಿನ ಪಿಷ್ಟ ನೀರಿಗೆ ಬಿಟ್ಟುಹೋದರೆ ಕೊರೆಹುಳ ತಿನ್ನಲು ಬರುವುದಿಲ್ಲ.

ಮನೆ ಕಟ್ಟುವವರು ತಳಪಾಯದಿಂದ ಶುರುಮಾಡುತ್ತಾರೆ, ಗ್ರೀನ್‌ಲ್ಯಾಂಡಿನವರು ಮೇಲಿನಂಚಿನಿಂದ. ಮೊದಲು ಎರಡು ಉದ್ದ ಅಂಚುಪಟ್ಟಿಗಳು. ತುದಿಗಳನ್ನು ಜೋಡಿಸಿ, ನಡುವೆ ಅಡ್ಡಪಟ್ಟಿ ಕೊಟ್ಟು ಹಿಗ್ಗಿಸಿದರೆ ಮೀನಿನ ಮೈಯಂಥ ಆಕಾರ ತಾನಾಗಿ ಬರುತ್ತದೆ. ಆಮೇಲೆ ಪಕ್ಕೆಲುಬುಗಳು, ನನ್ನ ದೋಣಿಗೆ 22. ಇವನ್ನು ಅರ್ಧಚಂದ್ರದಂತೆ ಬಾಗಿಸಬೇಕು. ಮರದ ನಾರುಗಳನ್ನು ಅಂಟಿನಂತೆ ಹಿಡಿದಿಟ್ಟಿರುವುದು ಲಿಗ್ನಿನ್. ಹಸಿಯಾಗಿದ್ದು ನೂರು ಡಿಗ್ರಿಯ ಆಸುಪಾಸಿಗೆ ಬಿಸಿಯಾದಾಗ ಅದು ಮೆತ್ತಗಾಗಿ ನಾರುಗಳು ಒಂದರ ಪಕ್ಕದಲ್ಲೊಂದು ಜಾರಲು ಬಿಡುತ್ತದೆ. ತಣ್ಣಗಾದಾಗ ಹೊಸ ಜಾಗದಲ್ಲೇ ಮತ್ತೆ ಗಟ್ಟಿಯಾಗುತ್ತದೆ. ಮರಗೆಲಸದವರು ಒಂದಂಗುಲ ದಪ್ಪಕ್ಕೆ ಒಂದು ಗಂಟೆ ಹಬೆ ಎಂದು ಲೆಕ್ಕ ಹಿಡಿಯುತ್ತಾರೆ. ಗೂಡಿನಲ್ಲಿ ಒಣಗಿಸಿ ಮಾರುವ ಮರಕ್ಕಿಂತ ಹಸಿಮರ ಚೆನ್ನಾಗಿ ಬಾಗುತ್ತದೆ. ಬಿದಿರಿಗೆ ಕೆಂಡದ ಕಾವು ಸಾಕು. ಬಿದಿರಿನ ಸಿಪ್ಪೆಯ ಕಡೆ ನಾರು ಒತ್ತೊತ್ತಾಗಿರುವುದರಿಂದ, ಬಾಗಿಸುವಾಗ ಅತಿ ಹೆಚ್ಚು ಎಳೆತ ಬೀಳುವ ಹೊರಮೈಗೆ ಆ ಸಿಪ್ಪೆಯೇ ಬರಬೇಕು. ಮೊದಲ ನಾಲ್ಕು ಪಕ್ಕೆಲುಬು ಅವಸರಕ್ಕೆ ಸುಟ್ಟುಹೋದವು. ಐದನೆಯದರಿಂದ ಕೈ ಕೂಡಿಬಂತು.

ತಳದ ಬೆನ್ನುಪಟ್ಟಿ ಒಂದು, ಪಕ್ಕದ ಪಟ್ಟಿ ಎರಡು. ಮೂರು ಪಟ್ಟಿ 22 ಪಕ್ಕೆಲುಬುಗಳನ್ನು ದಾಟುವಲ್ಲಿ 66 ಗಂಟು. ಮೀನುಬಲೆಗೆ ಬಳಸುವ ನೈಲಾನ್ ಹುರಿಗೆ ಜೇನುಮೇಣ ಹಚ್ಚಿ ಬಿಗಿದೆ. ಮೂವತ್ತು ಗಂಟು ಮುಗಿಯುವವರೆಗೂ ಹಂದರ ಕೈಯಲ್ಲಿ ಲೊಡಲೊಡ ಎನ್ನುತ್ತಿತ್ತು. ಅರವತ್ತಾರೂ ಮುಗಿದಾಗ ಒಂದು ತುದಿ ಎತ್ತಿದರೆ ಇಡೀ ದೋಣಿ ಒಟ್ಟಿಗೆ ಎದ್ದಿತು.

ಮುಂದಿನದು ತೊಗಲು. ಉತ್ತರಧ್ರುವದ ಸುತ್ತಲಿನ ಊರುಗಳಲ್ಲಿ ಈ ಕೆಲಸ ಹೆಂಗಸರದಾಗಿತ್ತು. ದೋಣಿಯ ಅತಿ ಸೂಕ್ಷ್ಮ ಭಾಗ ಅವರ ಕೈಯಲ್ಲಿತ್ತು. ಹಸಿ ಸೀಲ್ ತೊಗಲುಗಳನ್ನು ಸೇರಿಸುವಾಗ ಸೂಜಿ ತೊಗಲಿನ ಅರ್ಧ ದಪ್ಪಕ್ಕಷ್ಟೇ ಇಳಿದು ಮೇಲೆ ಬರಬೇಕು, ಆರುಪಾರು ಹೋಗಬಾರದು. ಹೀಗೆ ಎರಡು ಸಾಲು ಹೊಲಿದರೆ ನೀರಿಗೆ ದಾರಿಯೇ ಇಲ್ಲ. ಸ್ನಾಯುವಿನ ದಾರ ನೆನೆದು ಉಬ್ಬಿ ಉಳಿದ ಸಂದನ್ನೂ ಮುಚ್ಚುತ್ತದೆ. ಹಸಿಯಾಗಿ ಹೊದಿಸಿದ ತೊಗಲು ಒಣಗುತ್ತ ಸೆಟೆದು, ಹಂದರದ ಮೇಲೆ ತಮಟೆಯಂತೆ ಬಿಗಿಯುತ್ತದೆ. ನೀರು ತಡೆಯುವುದರ ಜೊತೆಗೆ ತೊಗಲು ಮಾಡುವ ಎರಡನೆಯ ಕೆಲಸ ಇದು. ಅದು ಕಡ್ಡಿಗಳನ್ನು ಸುತ್ತಲಿಂದ ಒಳಕ್ಕೆ ಒತ್ತಿ ಹಿಡಿಯುತ್ತದೆ. ತೊಗಲಿನಲ್ಲಿ ಎಳೆತ, ಕಡ್ಡಿಯಲ್ಲಿ ಒತ್ತಡ, ಎರಡೂ ಸರಿಸಮ. ದೋಣಿ ನೀರಿಗಿಳಿದ ಮೇಲೆ ಹೊರಗಿನ ನೀರೂ ತೊಗಲನ್ನು ಹಂದರಕ್ಕೇ ಅಪ್ಪಿಸಿ ಹಿಡಿಯುತ್ತದೆ. ತೊಗಲನ್ನು ಮುಚ್ಚುವ ಉದ್ದ ಹೊಲಿಗೆ ದೋಣಿಯ ಮೇಲ್ಭಾಗದಲ್ಲಿರುವುದರಿಂದ ಅದಕ್ಕೆ ನೀರಿನ ಒತ್ತಡ ಹೆಚ್ಚು ತಾಗುವುದಿಲ್ಲ.

ಇಂದು ಮನೆಯಲ್ಲಿ ಕಟ್ಟುವವರ ಮುಂದೆ ಎರಡು ಮುಖ್ಯ ಆಯ್ಕೆಗಳಿವೆ, ನೈಲಾನ್ ಮತ್ತು ಪಾಲಿಯೆಸ್ಟರ್. ನೋಡಲು ಒಂದೇ ತೆರನಾದರೂ ಅವುಗಳ ಸ್ವಭಾವ ಬೇರೆ. ನೈಲಾನಿನ ಅಣುಸರಪಳಿಗಳು ನೀರಿನ ಅಣುಗಳನ್ನು ತಮ್ಮ ನಡುವೆ ಕರೆದುಕೊಳ್ಳುತ್ತವೆ. ನೆನೆದಾಗ ಬಟ್ಟೆ ಹಿಗ್ಗಿ ಸಡಿಲವಾಗುತ್ತದೆ, ಒಣಗಿದಾಗ ಬಿಗಿಯುತ್ತದೆ. ಆದ್ದರಿಂದ ಅದನ್ನು ಚರ್ಮದಂತೆಯೇ ಒದ್ದೆ ಮಾಡಿ ಎಳೆದು ಹೊಲಿಯಬೇಕು. ಮಳೆಗಾಲದ ಗಾಳಿಗೇ ಅದು ಸಡಿಲಬಹುದು. ಆದರೆ ಪೆಟ್ಟು ತಾಳುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಪಾಲಿಯೆಸ್ಟರ್ ನೀರನ್ನು ಹೆಚ್ಚುಕಡಿಮೆ ಕುಡಿಯುವುದೇ ಇಲ್ಲ. ಅದು ಬಿಗಿಯುವುದು ಕಾವಿಗೆ. ನೂಲು ತಯಾರಿಸುವಾಗ ಅದರ ಉದ್ದುದ್ದ ಅಣುಸರಪಳಿಗಳನ್ನು ಎಳೆದು ನೆಟ್ಟಗೆ ಮಾಡಿ, ಹಾಗೆಯೇ ತಣಿಸಿರುತ್ತಾರೆ. ಸುಮಾರು 70–80 ಡಿಗ್ರಿ ದಾಟಿದರೆ ಸರಪಳಿಗಳಿಗೆ ಮಿಸುಕಾಡುವ ಸ್ವಾತಂತ್ರ್ಯ ಬಂದು ಮತ್ತೆ ಸುರುಳಿಯಾಗಲು ಹೊರಡುತ್ತವೆ. ನೆಟ್ಟಗಿರಲು ಒಂದೇ ದಾರಿ, ಸುರುಳಿಯಾಗಲು ಕೋಟಿ ದಾರಿ. ಹೀಗೆ ಬಟ್ಟೆ ಕುಗ್ಗುತ್ತದೆ. ಬಟ್ಟೆ ಹೊದಿಸಿದ ಸಣ್ಣ ವಿಮಾನಗಳ ರೆಕ್ಕೆಗಳನ್ನು ಇಂದಿಗೂ ಇದೇ ರೀತಿ ಇಸ್ತ್ರಿಪೆಟ್ಟಿಗೆಯಿಂದ ಬಿಗಿಯುತ್ತಾರೆ, 120 ಡಿಗ್ರಿಯಿಂದ ಶುರುಮಾಡಿ 175ರ ಆಸುಪಾಸಿಗೆ ನಿಲ್ಲಿಸುತ್ತಾರೆ. ಪಾಲಿಯೆಸ್ಟರ್ ಆರಿಸಿಕೊಂಡ ನಾನು ಆ ಎಚ್ಚರಿಕೆ ತಪ್ಪಿದೆ. ಹತ್ತಿಬಟ್ಟೆಯ ಕಾವಿನಲ್ಲಿಟ್ಟ ಇಸ್ತ್ರಿಯನ್ನು ಒಂದೇ ಕಡೆ ಹಿಡಿದು ನಿಂತಾಗ ನಾಲ್ಕು ಬೆರಳಗಲ ಬಟ್ಟೆ ಕಣ್ಣೆದುರೇ ಕರಗಿ ತೆರೆದುಕೊಂಡಿತು. ದಬ್ಬಳ ತೆಗೆದು ತೇಪೆ ಹೊಲಿದೆ. ಮೇಲೆ ಮೂರು ಸುತ್ತು ಪಾಲಿಯುರೆಥೇನ್ ಬಳಿದೆ. ಆ ತೇಪೆ ಇಂದಿಗೂ ಸೋರಿಲ್ಲ.

ಕೊನೆಗೆ ತಕ್ಕಡಿಗೆ ಏರಿಸಿದಾಗ 16 ಕಿಲೋ. ಇದೇ ಉದ್ದದ ಅಚ್ಚಿನ ಪ್ಲಾಸ್ಟಿಕ್ ಕಯಾಕ್ 25 ಕಿಲೋ ಮೀರುತ್ತದೆ. ಒಂದು ಭುಜದ ಮೇಲಿಟ್ಟುಕೊಂಡು ಗದ್ದೆಯಂಚಿನಲ್ಲಿ ಕೆರೆಗೆ ನಡೆದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಈ ದೋಣಿಯೊಳಗೆ ಅಡ್ಡಗೋಡೆಗಳಿಲ್ಲ. ಮಗುಚಿ ನೀರು ತುಂಬಿದರೆ ಕೊಡದಂತೆ ಮುಳುಗುತ್ತದೆ. ಮುಂದಿನ ಹಿಂದಿನ ಮೂಲೆಗಳಲ್ಲಿ ಗಾಳಿ ತುಂಬಿದ ಚೀಲವೋ ಟೈರಿನ ಟ್ಯೂಬೋ ಕಟ್ಟಿರಲೇಬೇಕು, ಮೈಮೇಲೆ ಲೈಫ್ ಜಾಕೆಟ್ ಇರಲೇಬೇಕು, ದಡದಲ್ಲಿ ಈಜು ಬಲ್ಲವರೊಬ್ಬರು ನಿಂತಿರಬೇಕು. ನನ್ನ ಮೊದಲ ಸವಾರಿಯಲ್ಲಿ ದೋಣಿಗೆ ಹಗ್ಗ ಕಟ್ಟಿ ಅದರ ತುದಿ ಅಣ್ಣನ ಕೈಗೆ ಕೊಟ್ಟಿದ್ದೆ. ಎರಡು ಸಲ ಮಗುಚಿತು. ಮೂರನೆಯ ಸಲ ಸೊಂಟಕ್ಕೆ ಬುದ್ಧಿ ಬಂತು.

ಬಿದಿರು ಬಳಸಿದ್ದು ನನ್ನದೇ ಹೊಸತೆಂದು ಅಂದುಕೊಂಡಿದ್ದೆ. ಮ್ಯೂನಿಕ್‌ನ ವಿದ್ಯಾರ್ಥಿ ಆಲ್ಫ್ರೆಡ್ ಹ್ಯೂರಿಕ್ 1905ರಲ್ಲಿ ಮಡಚಬಲ್ಲ ಕಯಾಕ್ ಕಟ್ಟಿದಾಗ ಅದರ ಹಂದರಕ್ಕೂ ಬಿದಿರೇ ಇತ್ತು ಎಂದು ಆಮೇಲೆ ತಿಳಿಯಿತು. ಅದರ ಹಕ್ಕು ಕೊಂಡ ಯೋಹಾನ್ ಕ್ಲೆಪರ್ ವೃತ್ತಿಯಲ್ಲಿ ದರ್ಜಿ. ಹೊಲಿಯಬಲ್ಲವನ ಕೈಗೇ ತೊಗಲುದೋಣಿ ಮತ್ತೆ ಸೇರಿತು. ರೈಲಿನಲ್ಲಿ ಚೀಲದಂತೆ ಹೊತ್ತೊಯ್ಯಬಹುದಾದ ಆ ದೋಣಿಗಳು ಎಷ್ಟು ದೂರ ಹೋದವೆಂದರೆ, 1956ರಲ್ಲಿ ಹಾನೆಸ್ ಲಿಂಡೆಮನ್ ಎಂಬ ವೈದ್ಯ ಅಂಥದ್ದರಲ್ಲಿ 72 ದಿನ ಒಂಟಿಯಾಗಿ ಅಟ್ಲಾಂಟಿಕ್ ದಾಟಿದ. ಅದಕ್ಕೂ ಮೊದಲು, 1932ರಲ್ಲಿ, ಆಸ್ಕರ್ ಸ್ಪೆಕ್ ಎಂಬ ನಿರುದ್ಯೋಗಿ ಜರ್ಮನ್ ತರುಣ ಉಲ್ಮ್ ಊರಿನಲ್ಲಿ ಡ್ಯಾನ್ಯೂಬ್ ನದಿಗೆ ಮಡಚುದೋಣಿ ಇಳಿಸಿದವನು, ಯೂಫ್ರೆಟಿಸ್ ಹಿಡಿದು, ಪರ್ಷಿಯನ್ ಕೊಲ್ಲಿ ಹಾದು, ನಮ್ಮ ಪಶ್ಚಿಮ ಕರಾವಳಿಗುಂಟ ಸಿಲೋನಿಗೆ ಇಳಿದು, 1939ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಅಂಚು ಮುಟ್ಟಿದ. ಅಷ್ಟರಲ್ಲಿ ಯುದ್ಧ ಶುರುವಾಗಿ ಅವನನ್ನು ಶತ್ರುದೇಶದವನೆಂದು ಸೆರೆಯಲ್ಲಿಟ್ಟರು. ನಮ್ಮ ಕಡಲಿನ ಅಲೆಗಳನ್ನೂ ಕಡ್ಡಿ ಮತ್ತು ಬಟ್ಟೆಯ ದೋಣಿಯೊಂದು ತಾಳಿಕೊಂಡಿತ್ತು.

ಇಷ್ಟೆಲ್ಲ ನಾನು ಮನೆಯಲ್ಲಿ ಕುಳಿತು ಮಾಡಲು ಸಾಧ್ಯವಾದದ್ದು ಒಬ್ಬ ಮನುಷ್ಯನ ಹಟದಿಂದ. ಎಡ್ವಿನ್ ಟ್ಯಾಪನ್ ಆ್ಯಡ್ನಿ 1887ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕೆನಡಾದ ನ್ಯೂ ಬ್ರನ್ಸ್‌ವಿಕ್‌ಗೆ ಹೋದವನು ಅಲ್ಲಿನ ಮೂಲನಿವಾಸಿಗಳು ಮರದ ತೊಗಟೆಯಿಂದ ದೋಣಿ ಕಟ್ಟುವುದನ್ನು ಕಂಡ. ಅವರ ಪಕ್ಕದಲ್ಲಿ ಕೂತು ತಾನೂ ಕಟ್ಟಿದ, ಪ್ರತಿ ಹಂತವನ್ನೂ ಬರೆದುಕೊಂಡ. ಮುಂದೆ ಬದುಕಿನುದ್ದಕ್ಕೂ ಅದೇ ಕೆಲಸ. ನೂರಕ್ಕೂ ಹೆಚ್ಚು ದೋಣಿಗಳ ಮಾದರಿಗಳನ್ನು ಐದನೆಯ ಒಂದರ ಅಳತೆಯಲ್ಲಿ ಮಾಡಿಟ್ಟ. 1950ರಲ್ಲಿ ತೀರಿಕೊಂಡಾಗ ಅವನು ಬರೆಯಹೊರಟ ಪುಸ್ತಕ ಮುಗಿದಿರಲಿಲ್ಲ. ದೋಣಿಗಳ ಇತಿಹಾಸಕಾರ ಹೊವಾರ್ಡ್ ಶಪೆಲ್ ಅವನ ಟಿಪ್ಪಣಿಗಳನ್ನು ಒಪ್ಪಮಾಡಿ, ಕಯಾಕುಗಳ ಅಧ್ಯಾಯವನ್ನು ತಾನೇ ಸೇರಿಸಿ, ನಕ್ಷೆಗಳ ಸಮೇತ 1964ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯಿಂದ ಹೊರತಂದ. ಜಗತ್ತಿನ ಯಾವ ಮೂಲೆಯವರೂ ಇಂದು ಆ ನಕ್ಷೆ ಹಿಡಿದು ದೋಣಿ ಕಟ್ಟಬಹುದು.

ನನ್ನ ಅಂಗಳದಲ್ಲಿ ಗ್ರೀನ್‌ಲ್ಯಾಂಡಿನ ಕಯಾಕ್ ಎದ್ದು ನಿಂತಿತು. ಹರಿಗೋಲು ಕಟ್ಟಬೇಕೆಂದರೆ ಅಂಥ ನಕ್ಷೆ ನನ್ನ ಕೈಗೆ ಸಿಗಲಿಲ್ಲ. ಎಷ್ಟು ದಬ್ಬೆ ಬೇಕು, ಎಷ್ಟಗಲ ಸೀಳಬೇಕು, ತಳದಿಂದ ಅಂಚಿಗೆ ಹೆಣಿಗೆ ಎಲ್ಲಿ ತಿರುಗುತ್ತದೆ, ಬಾಯಿಕಟ್ಟಿನ ಸುತ್ತು ಹೇಗೆ ಹಾಕುತ್ತಾರೆ, ಡಾಂಬರನ್ನು ಯಾವ ಹದಕ್ಕೆ ಕಾಯಿಸುತ್ತಾರೆ, ಹುಟ್ಟಿನ ಅಳತೆ ಏನು, ಇವೆಲ್ಲ ತುಂಗಭದ್ರೆ ಮತ್ತು ಕಾವೇರಿ ದಂಡೆಯ ಕೆಲವು ಕುಟುಂಬಗಳ ಕೈಯಲ್ಲಿ ಮಾತ್ರ ಇವೆ. ಸೇತುವೆಗಳು ಬಂದಿವೆ, ಫೈಬರಿನ ಹರಿಗೋಲುಗಳೂ ಬಂದಿವೆ. ಆ ಕುಟುಂಬಗಳ ಮಕ್ಕಳು ಬೇರೆ ಕೆಲಸ ಹುಡುಕಿಕೊಂಡರೆ ಅದು ಅವರ ಹಕ್ಕು, ತಪ್ಪೆನ್ನಲಾಗದು. ಆದರೆ ಅವರ ಅಜ್ಜಂದಿರ ಲೆಕ್ಕ ಕಾಗದಕ್ಕೆ ಇಳಿಯದೆ ಹೋದರೆ ತಪ್ಪು ನಮ್ಮದು.

ನೀವು ಗಂಗಾವತಿ, ಹೊಸಪೇಟೆ, ತಲಕಾಡಿನ ಕಡೆಯ ಶಿಕ್ಷಕರೋ ವಿದ್ಯಾರ್ಥಿಗಳೋ ಆಗಿದ್ದರೆ ಒಂದು ಅಳತೆ ಟೇಪು, ನೋಟುಪುಸ್ತಕ, ಪೆನ್ಸಿಲ್ ಹಿಡಿದು ಈ ಬೇಸಿಗೆಯಲ್ಲೇ ಹೋಗಿ. ಹೆಣೆಯುವವರ ದಿನದ ಕೂಲಿಯನ್ನು ಮೊದಲೇ ಕೈಗಿಟ್ಟು ಒಂದು ಹರಿಗೋಲು ಹೆಣೆಸಿ. ಪಕ್ಕದಲ್ಲಿ ಕುಳಿತು ಮೊದಲ ದಬ್ಬೆಯಿಂದ ಕೊನೆಯ ಗಂಟಿನವರೆಗೆ ಬರೆದುಕೊಳ್ಳಿ. ಹೆಣೆದವರ ಹೆಸರನ್ನು ಮೊದಲ ಪುಟದಲ್ಲಿ ಹಾಕಿ.